ಲೆಕ್ಕ ಬಲ್ಲವನು, ಹೆಗಲು ಕೊಟ್ಟವನು

ಹಿತವಾದ ಶ್ರೇಯಸ್ಸು ಬೇರೆ, ಪ್ರಿಯವಾದ ಪ್ರೇಯಸ್ಸು ಬೇರೆ ಎಂದು ಕಠೋಪನಿಷತ್ತಿನ ಯಮ ನಚಿಕೇತನಿಗೆ ಹೇಳುತ್ತಾನೆ. ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸಿದ ನಾನು ಇದನ್ನು ಎಷ್ಟು ಸಲ ಬೋರ್ಡಿನ ಮೇಲೆ ಬರೆದಿದ್ದೇನೋ. 2020ರ ಡಿಸೆಂಬರಿನಲ್ಲಿ ಗ್ರಾಮ ಪಂಚಾಯಿತಿಗೆ ಮತ ಹಾಕಲು ಸಾಲಿನಲ್ಲಿ ನಿಂತಾಗ ಆ ಪಾಠ ಕೈಕೊಟ್ಟಿತು.

ಪಕ್ಷದ ಚಿಹ್ನೆಯಿಲ್ಲದ ಚುನಾವಣೆ, ಆಳನ್ನೇ ನೋಡಬೇಕು. ಕಣದಲ್ಲಿದ್ದ ಇಬ್ಬರೂ ನನ್ನ ಹಳೆಯ ವಿದ್ಯಾರ್ಥಿಗಳು. ಇ-ಸ್ವತ್ತಿನ ಫಾರಂ 9 ಎಲ್ಲಿ ಸಿಕ್ಕಿಕೊಂಡಿದೆ, ನರೇಗಾ ಕ್ರಿಯಾಯೋಜನೆಯಲ್ಲಿ ನಮ್ಮ ಕೆರೆಯ ಹೂಳು ಏಕೆ ಸೇರಲಿಲ್ಲ, ಒಬ್ಬನಿಗೆ ಎಲ್ಲ ಗೊತ್ತು. ಎದುರು ಸಿಕ್ಕರೆ ಮಾತ್ರ ನಮಸ್ಕಾರವೂ ಇಲ್ಲ. ಇನ್ನೊಬ್ಬ ಮದುವೆಮನೆಯಲ್ಲಿ ಪಂಕ್ತಿಗೆ ಬಡಿಸುತ್ತಾನೆ, ಹೆಣಕ್ಕೆ ಹೆಗಲು ಕೊಡುತ್ತಾನೆ, ನಡುರಾತ್ರಿಯಲ್ಲೂ ಫೋನ್ ಎತ್ತುತ್ತಾನೆ. ಓದಿ ಸಹಿ ಹಾಕುವ ಅಭ್ಯಾಸವಂತೂ ಅವನಿಗೆ ಶಾಲೆಯಲ್ಲೇ ಇರಲಿಲ್ಲ.

ಮುಂದಿದ್ದ ಅಜ್ಜಿಯನ್ನು, ಸಾಲಿನಲ್ಲಿ ಹಾಗೆಲ್ಲ ಕೇಳಬಾರದು, ಕೇಳಿಯೇಬಿಟ್ಟೆ: "ಲೆಕ್ಕ ಬಲ್ಲವನೇ ವಾಸಿ ಅಲ್ವೇನಮ್ಮ?"

"ಇರಬೋದು ಮೇಷ್ಟ್ರೇ. ಪಿಂಚಣಿ ನಿಂತಾಗ ಅವನ ಹತ್ರಾನೇ ಹೋಗಿದ್ದೆ. ಅರ್ಜಿ ತಪ್ಪು ಅಂದ, ಒಳಗೆ ಹೋದ."

ಅಜ್ಜಿ ಇನ್ನೊಬ್ಬನತ್ತ ವಾಲಿದರೆ ಅದು ಬರೀ ಪ್ರೇಯಸ್ಸೇ? ಕಚೇರಿಯ ಕಿಟಕಿಯ ಮುಂದೆ ನಿಲ್ಲಲು ಹೆದರುವವಳಿಗೆ, ಅಂಜದೆ ಬಾಗಿಲು ತಟ್ಟಬಹುದಾದ ಮನುಷ್ಯನೇ ಸಮರ್ಥ. ನನ್ನ ಅರ್ಜಿ ನಾನೇ ಬರೆದುಕೊಳ್ಳುತ್ತೇನೆ; ನಗುಮುಖ ಬೇಡ, ಕೆಲಸಗಾರ ಬೇಕು ಎನ್ನುವ ಗತ್ತು ನನಗೆ ಪುಕ್ಕಟೆ ಸಿಕ್ಕಿದೆ. ಯಮನೆದುರು ನಚಿಕೇತ ಆರಿಸಬೇಕಿದ್ದದ್ದು ತನ್ನೊಬ್ಬನ ಹಿತವನ್ನು. ನನ್ನ ಮುದ್ರೆ ಅಜ್ಜಿಯ ಪಿಂಚಣಿಯ ಮೇಲೂ ಬೀಳುತ್ತದೆ.

ಹಾಗೆಂದು ಲೆಕ್ಕವನ್ನು ಹಗುರ ಮಾಡುವಂತಿಲ್ಲ. ಹತ್ತನೇ ಶತಮಾನದಲ್ಲಿ, ಚೋಳರ ಉತ್ತರಮೇರೂರಿನಲ್ಲಿ, ಸಭೆಯ ಸಮಿತಿಗಳಿಗೆ ಗಡಿಗೆಯೊಳಗೆ ಹೆಸರಿನ ಓಲೆ ಹಾಕಿ ಹುಡುಗನೊಬ್ಬನಿಂದ ಎತ್ತಿಸುತ್ತಿದ್ದರು. ಹಿಂದೆ ಅಧಿಕಾರದಲ್ಲಿದ್ದು ಲೆಕ್ಕ ಒಪ್ಪಿಸದವನ ಓಲೆ ಹಾಕುವಂತಿರಲಿಲ್ಲ, ಅವನ ಹತ್ತಿರದ ನೆಂಟರದ್ದೂ. ಯಾರು ಮೆಚ್ಚಿನವರು ಎಂಬ ಪ್ರಶ್ನೆಯೇ ಏಳದ ಏರ್ಪಾಡು, ಬಹಳ ದಿನ ಅದನ್ನು ಮೆಚ್ಚಿಕೊಂಡಿದ್ದೆ. ಆದರೆ ಆ ಗಡಿಗೆಗೆ ಬೀಳಲು ಭೂಮಿ ಬೇಕಿತ್ತು, ವೇದ ಬರಬೇಕಿತ್ತು. ಅಜ್ಜಿಯಂಥವರನ್ನು ಅಲ್ಲಿ ಕೇಳುವವರೇ ಇರಲಿಲ್ಲ.

ಅಜ್ಜಿ ಯಾರಿಗೆ ಹಾಕಿದಳೋ. ನಾನು ಲೆಕ್ಕದವನಿಗೇ ಒತ್ತಿದೆ, ಕೈ ಸ್ವಲ್ಪ ತಡೆಯಿತು. ಅವನು ಸೋತ. ಎಣಿಕೆಯ ಮರುದಿನ ಹಾಲಿನ ಡೇರಿಯ ಬಳಿ ಎದುರಾದ; ಆಗಲೂ ನಮಸ್ಕಾರ ಎನ್ನಲಿಲ್ಲ.