ಅಗ್ಗವೂ ಲಾಭವೂ

ಮಹಾನವಮಿಯ ದಿನ ಕನ್ನಡನಾಡಿನ ಮನೆಮನೆಗಳಲ್ಲಿ ಆಯುಧಪೂಜೆಯು ನಡೆಯುವುದಷ್ಟೆ. ಪೂರ್ವದಲ್ಲಿ ಖಡ್ಗಕ್ಕೂ ನೇಗಿಲಿಗೂ ತಕ್ಕಡಿಗೂ ಸಲ್ಲುತ್ತಿದ್ದ ಕುಂಕುಮಾಕ್ಷತೆಗಳು ಈಗ ಫ್ರಿಜ್ಜು, ಮಿಕ್ಸಿ, ಬಟ್ಟೆ ಒಗೆಯುವ ಯಂತ್ರ, ಟೆಲಿವಿಷನ್ ಮೊದಲಾದವುಗಳಿಗೂ ಸಲ್ಲುತ್ತಿವೆ. ಇದರಲ್ಲಿ ನಗತಕ್ಕದ್ದೇನೂ ಇಲ್ಲ. ವರ್ಷವೆಲ್ಲ ಮನೆಯವರ ಶ್ರಮವನ್ನು ಹಂಚಿಕೊಂಡ ಸಾಧನಕ್ಕೆ ಒಂದು ದಿನ ಕೃತಜ್ಞತೆಯನ್ನು ತೋರಿಸುವುದು ಉಚಿತವೇ ಆಗಿದೆ. ಆದರೆ ನವರಾತ್ರಿಯಿಂದ ದೀಪಾವಳಿಯವರೆಗಿನ ಈ ದಿನಗಳಲ್ಲಿಯೇ ಅಂಥ ಸಾಧನಗಳ ರಿಯಾಯಿತಿ ಮಾರಾಟವೂ ಭರದಿಂದ ನಡೆಯುತ್ತದೆ. ಬೆಳಗ್ಗೆ ಹೂವೇರಿಸಿಕೊಂಡ ಯಂತ್ರವು, ಯಾವ ದೋಷವೂ ಇಲ್ಲದಿದ್ದರೂ, 'ಹಳೆಯದನ್ನು ಕೊಟ್ಟು ಹೊಸದನ್ನು ಒಯ್ಯಿರಿ' ಎಂಬ ಕರೆಯ ದೆಸೆಯಿಂದ ನಾಲ್ಕು ದಿನಗಳೊಳಗಾಗಿ ಮನೆಯನ್ನು ಬಿಡುವುದುಂಟು. ಹೀಗಿರಲು, ಅಗ್ಗವಾಗಿ ಕೊಂಡವನಿಗೆ ದೊರೆತ ಲಾಭವು ಯಾವುದು, ಅಗ್ಗವನ್ನು ಅರಸುವ ಬುದ್ಧಿಯು ಗುಣವೋ ದೋಷವೋ ಎಂಬುದು ಗೃಹಸ್ಥರಾದವರು ವಿಚಾರಿಸತಕ್ಕ ವಿಷಯವಾಗಿದೆ.

ಮೊದಲು ಪೂರ್ವಪಕ್ಷವನ್ನು ನೋಡುವ. ಮಿತವಾದ ವರಮಾನವುಳ್ಳ ಸಂಸಾರಿಗೆ ನಾಲ್ಕಾರು ಸಾವಿರ ರೂಪಾಯಿಗಳೆಂದರೆ ಮಗುವಿನ ಶಾಲೆಯ ಶುಲ್ಕ, ಇಲ್ಲವೆ ವೃದ್ಧರ ಔಷಧ. ಒಂದೇ ಪದಾರ್ಥವು ಈ ತಿಂಗಳು ಹೆಚ್ಚಿನ ಬೆಲೆಗೂ ಮುಂದಿನ ತಿಂಗಳು ಕಡಮೆ ಬೆಲೆಗೂ ದೊರೆಯುವುದಾದರೆ, ಕಾದು ಕೊಳ್ಳುವವನನ್ನು ಲೋಭಿಯೆನ್ನುವುದು ಹೇಗೆ? ಹತ್ತು ಅಂಗಡಿಗಳನ್ನು ವಿಚಾರಿಸಿ ಕೊಳ್ಳುವುದು ವಿವೇಕವೇ ಹೊರತು ಕ್ಷುದ್ರತೆಯಲ್ಲ. ಈ ವಾದವು ಸರಿಯಾದುದೇ. ಧನದ ವಿಷಯದಲ್ಲಿ ಅಲಕ್ಷ್ಯವು ವೈರಾಗ್ಯವೆನಿಸಲಾರದು. ಮಿತವ್ಯಯವು ಗೃಹಸ್ಥಧರ್ಮದ ಒಂದು ಅಂಗವೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಮಿತವ್ಯಯಕ್ಕೂ ಲೋಭಕ್ಕೂ ಹೊರಗಿನ ರೂಪವು ಒಂದೇ ಆಗಿರುವುದರಿಂದ ಇಲ್ಲಿ ಭ್ರಾಂತಿಗೆ ಅವಕಾಶವುಂಟು. ಇಬ್ಬರು ಗೃಹಸ್ಥರನ್ನು ಕಲ್ಪಿಸಿಕೊಳ್ಳಬಹುದು. ಮೊದಲನೆಯವನ ಮನೆಯಲ್ಲಿ ಬಟ್ಟೆ ಒಗೆಯುವ ಯಂತ್ರವು ರಿಪೇರಿಗೆ ಬಾರದಂತೆ ಕೆಟ್ಟು ಮೂರು ತಿಂಗಳಾಗಿದೆ. ಅಷ್ಟು ದಿನವೂ ಮನೆಯವರೆಲ್ಲರೂ ಕಲ್ಲಿನ ಮೇಲೆ ಬಟ್ಟೆಯೊಗೆದು ಹಬ್ಬಕ್ಕಾಗಿ ಕಾದಿದ್ದಾರೆ. ಎರಡನೆಯವನು ಒಂದು ಇಸ್ತ್ರಿ ಪೆಟ್ಟಿಗೆಯನ್ನು ಕೊಳ್ಳಲು ಹೋಗಿ, 30,000 ರೂಪಾಯಿಗಳ ಯಂತ್ರವು 24,000ಕ್ಕೆ ಬಂದಿತೆಂಬ ಫಲಕವನ್ನು ಕಂಡು, ಮನೆಯ ಯಂತ್ರವು ಚೆನ್ನಾಗಿದ್ದರೂ ಇನ್ನೊಂದನ್ನು ತಂದನು. ಪದಾರ್ಥವೊಂದೇ, ದಿನವೊಂದೇ, ಬೆಲೆಯೂ ಒಂದೇ. ಇಬ್ಬರೂ '6,000 ಉಳಿಸಿದೆನು' ಎನ್ನುತ್ತಾರೆ. ಮೊದಲನೆಯವನ ಮಾತು ನಿಜ. ಹೇಗಾದರೂ ವೆಚ್ಚವಾಗಬೇಕಾಗಿದ್ದ ಹಣದಲ್ಲಿ ಆತನಿಗೆ 6,000 ಉಳಿಯಿತು. ಎರಡನೆಯವನಿಗೆ ಉಳಿದುದೇನೂ ಇಲ್ಲ, 24,000 ಕೈಬಿಟ್ಟುಹೋಯಿತು. ಆದುದರಿಂದ ಲಾಭವು ಬೆಲೆಯಲ್ಲಿ ಇರತಕ್ಕದ್ದಲ್ಲ. ಬೆಲೆಗಿಂತ ಮೊದಲೇ ಇದ್ದ ಅಗತ್ಯದಲ್ಲಿ ಇರತಕ್ಕದ್ದು.

ಈ ಭ್ರಾಂತಿಯ ಸ್ವರೂಪವನ್ನು ಪಾಶ್ಚಾತ್ಯ ಅರ್ಥಶಾಸ್ತ್ರಜ್ಞರೂ ವಿಮರ್ಶಿಸಿದ್ದಾರೆ. ಅಮೆರಿಕದ ರಿಚರ್ಡ್ ಥೇಲರ್ ಎಂಬವರು 1985ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ, ಕೊಳ್ಳುವವನಿಗೆ ಪದಾರ್ಥದಿಂದ ಬರುವ ಪ್ರಯೋಜನವೇ ಬೇರೆ, 'ಒಳ್ಳೆಯ ವ್ಯಾಪಾರವಾಯಿತು' ಎಂಬ ಭಾವನೆಯಿಂದ ಬರುವ ತೃಪ್ತಿಯೇ ಬೇರೆ ಎಂದು ವಿಂಗಡಿಸಿ ತೋರಿಸಿದರು. ಇವರಿಗೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿಯು ಬಂದಿತು. ಈ ಎರಡನೆಯ ತೃಪ್ತಿಯು ಎಷ್ಟು ಪ್ರಬಲವಾದುದೆಂದರೆ, ಮನುಷ್ಯನು ಅದಕ್ಕಾಗಿಯೇ ತನಗೆ ಬೇಡದ ಪದಾರ್ಥವನ್ನೂ ಕೊಂಡುಬಿಡುತ್ತಾನೆ. ಪದಾರ್ಥವು ಮೂಲೆಯನ್ನು ಸೇರುತ್ತದೆ. ತೃಪ್ತಿಯು ಮನೆಗೆ ಬರುವಷ್ಟರಲ್ಲಿ ಕರಗುತ್ತದೆ.

ಇನ್ನು ಫಲಕದ ಮೇಲೆ ಗೀಟೆಳೆದು ತೋರಿಸುವ ಹಿಂದಿನ ಬೆಲೆಯ ಸತ್ಯಾಸತ್ಯವನ್ನು ಪರಿಶೀಲಿಸತಕ್ಕದ್ದು. ಭಾರತದಲ್ಲಿ ಪೊಟ್ಟಣಗಳ ಮೇಲೆ ಮುದ್ರಿತವಾಗಿರುವ ಗರಿಷ್ಠ ಮಾರಾಟ ಬೆಲೆ, ಎಂದರೆ ಎಂ.ಆರ್.ಪಿ., ಅದಕ್ಕಿಂತ ಹೆಚ್ಚಿಗೆ ಮಾರಕೂಡದೆಂಬ ಒಂದು ಎಲ್ಲೆ ಮಾತ್ರ. ಅದು ನಿನ್ನೆಯವರೆಗೆ ಪೇಟೆಯಲ್ಲಿ ನಡೆಯುತ್ತಿದ್ದ ಧಾರಣೆಯೆಂದು ತಿಳಿಯಲಾಗದು. ಆ ಎಲ್ಲೆಯಿಂದ ಎಣಿಸಿ 'ಶೇಕಡ 40 ಕಡಮೆ' ಎಂದರೆ ಲೆಕ್ಕವು ಸುಳ್ಳಾಗದಿರಬಹುದು, ಆದರೆ ಕೇಳುವವನ ಮನಸ್ಸಿನಲ್ಲಿ ಹುಟ್ಟುವ ಅರ್ಥವು ಸುಳ್ಳಾಗಬಹುದು. ಅಕ್ಷರದಲ್ಲಿ ಸತ್ಯವಾಗಿದ್ದು ಅಭಿಪ್ರಾಯದಲ್ಲಿ ಅಸತ್ಯವಾದ ಮಾತನ್ನು ಧರ್ಮಜ್ಞರು ಸತ್ಯವೆಂದು ಒಪ್ಪುವುದಿಲ್ಲ. ಯುರೋಪಿನ ಒಕ್ಕೂಟದಲ್ಲಿ 2022ರ ಮೇ ತಿಂಗಳಿನಿಂದ ಜಾರಿಗೆ ಬಂದ ನಿಯಮವು ಈ ವಿಷಯದಲ್ಲಿ ಗಮನಾರ್ಹವಾಗಿದೆ. ಅದರ ಪ್ರಕಾರ, ಬೆಲೆಯನ್ನು ಇಳಿಸಿದೆನೆಂದು ಸಾರುವ ವರ್ತಕನು ಸಾಮಾನ್ಯವಾಗಿ ಅದರ ಹಿಂದಿನ 30 ದಿನಗಳಲ್ಲಿ ತಾನು ಪಡೆದ ಅತ್ಯಂತ ಕಡಮೆ ಬೆಲೆಯನ್ನೇ ಹಿಂದಿನ ಬೆಲೆಯೆಂದು ತೋರಿಸಬೇಕು. ನಮ್ಮ ದೇಶದ ಗೃಹಸ್ಥನು ಇದೇ ನಿಯಮವನ್ನು ತನ್ನ ಮಟ್ಟಿಗೆ ತಾನೇ ವಿಧಿಸಿಕೊಳ್ಳಬಹುದು. ಹಬ್ಬಕ್ಕೆ ಒಂದು ತಿಂಗಳು ಮೊದಲೇ ಬೇಕಾದ ಪದಾರ್ಥದ ಧಾರಣೆಯನ್ನು ಎರಡು ಮೂರು ಕಡೆ ವಿಚಾರಿಸಿ ಗುರುತು ಹಾಕಿಕೊಂಡರೆ, ಇಳಿತವು ನಿಜವೋ ತೋರಿಕೆಯೋ ಎಂಬುದು ತಾನಾಗಿಯೇ ತಿಳಿದುಬರುತ್ತದೆ.

ಇಳಿತವೆಲ್ಲವೂ ಕಪಟವೆಂದು ಮಾತ್ರ ಭಾವಿಸಲಾಗದು. ಹೊಸ ಮಾದರಿಯು ಬರುವಾಗ ಹಳೆಯ ಮಾದರಿಯನ್ನು ವರ್ತಕನು ಇಳಿಸಿ ಮಾರುತ್ತಾನೆ. ಬೇಸಗೆಯು ಕಳೆದ ಮೇಲೆ ಕೋಣೆಯನ್ನು ತಂಪುಮಾಡುವ ಯಂತ್ರವು ಅಗ್ಗವಾಗುವುದುಂಟು. 2025ರ ಸೆಪ್ಟೆಂಬರ್ 22ರಿಂದ ಅಂಥ ಯಂತ್ರಗಳ ಮೇಲೂ 32 ಅಂಗುಲಕ್ಕೆ ಮೇಲ್ಪಟ್ಟ ಟೆಲಿವಿಷನ್‌ಗಳ ಮೇಲೂ ಇದ್ದ ಜಿ.ಎಸ್.ಟಿ. ತೆರಿಗೆಯು ಶೇಕಡ 28ರಿಂದ 18ಕ್ಕೆ ಇಳಿಯಿತು. ಇಂಥ ಇಳಿತಗಳಿಗೆ ಕಾರಣವುಂಟು. ಕಾರಣವುಳ್ಳ ಅಗ್ಗವನ್ನು ನಂಬಬಹುದು. ಕಾರಣವಿಲ್ಲದ ಅಗ್ಗವನ್ನು ಪ್ರಶ್ನಿಸಬೇಕು.

ಪ್ರಶ್ನಿಸುವುದಕ್ಕೆ ಅವಕಾಶವಾಗದಂತೆ ಮಾಡುವುದೇ ಮಾರಾಟದ ದೊಡ್ಡ ತಂತ್ರ. 'ಇನ್ನು ಎರಡೇ ಉಳಿದಿವೆ', 'ಹತ್ತು ನಿಮಿಷಗಳಲ್ಲಿ ಮುಗಿಯುತ್ತದೆ' ಎಂಬ ತ್ವರೆಯು ವಿವೇಕವನ್ನು ಹಿಂದೂಡುತ್ತದೆ. ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಮೊಬೈಲು ಮತ್ತು ಅಂತರ್ಜಾಲದ ವ್ಯಾಪಾರದ 13 ಬಗೆಯ ವಂಚಕ ರೀತಿಗಳನ್ನು ಹೆಸರಿಸಿದೆ. ಸುಳ್ಳು ತ್ವರೆಯನ್ನು ಹುಟ್ಟಿಸುವುದೂ ಅವುಗಳಲ್ಲಿ ಒಂದು. ಕಂತಿನ ವ್ಯವಹಾರವೂ ಹೀಗೆಯೇ. ಶೂನ್ಯ ಬಡ್ಡಿಯೆಂಬುದು ವಾಸ್ತವದಲ್ಲಿ ಇಲ್ಲವೆಂದೂ, ಬಡ್ಡಿಯು ಬೇರೆ ಹೆಸರಿನಲ್ಲಿ ಸೇರಿಹೋಗುತ್ತದೆಂದೂ ರಿಜರ್ವ್ ಬ್ಯಾಂಕು 2013ರಲ್ಲಿಯೇ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಹಾಸಿಗೆಯಿದ್ದಷ್ಟು ಕಾಲು ಚಾಚೆಂದು ಹಿರಿಯರು ಹೇಳುತ್ತಿದ್ದರು. ಕಂತಿನವರು ಹಾಸಿಗೆಯನ್ನೇ ಸಾಲವಾಗಿ ಕೊಡುತ್ತಾರೆ.

ಕೊಂಡ ದಿನದ ಬೆಲೆಯೇ ಪೂರ್ಣವಾದ ಬೆಲೆಯೆಂದು ಎಣಿಸುವುದೂ ಒಂದು ತಪ್ಪು. ಇದಕ್ಕೆ ಫ್ಯಾನಿನ ದೃಷ್ಟಾಂತವೇ ಸಾಕು. 75 ವಾಟಿನ ಸಾಮಾನ್ಯ ಫ್ಯಾನು ದಿನಕ್ಕೆ 12 ಗಂಟೆ ತಿರುಗಿದರೆ 0.9 ಯೂನಿಟ್ ವಿದ್ಯುತ್ತನ್ನು ಬಳಸುತ್ತದೆ. ಬಿ.ಎಲ್.ಡಿ.ಸಿ. ಮೋಟಾರಿನ 30 ವಾಟಿನ ಫ್ಯಾನು ಅಷ್ಟೇ ಹೊತ್ತಿಗೆ 0.36 ಯೂನಿಟನ್ನು ಮಾತ್ರ ಬಳಸುತ್ತದೆ. ವರ್ಷಕ್ಕೆ ವ್ಯತ್ಯಾಸವು ಸುಮಾರು 197 ಯೂನಿಟ್. ಯೂನಿಟಿಗೆ 6 ರೂಪಾಯಿಯೆಂದು ಇಟ್ಟುಕೊಂಡರೆ 1,180 ರೂಪಾಯಿಗಳಷ್ಟಾಗುತ್ತದೆ. ರಿಯಾಯಿತಿಯಲ್ಲಿ ಐನೂರು ರೂಪಾಯಿ ಅಗ್ಗವೆಂದು ತಂದ ಮೊದಲನೆಯ ಫ್ಯಾನು ಆರು ತಿಂಗಳೊಳಗಾಗಿ ಆ ಲಾಭವನ್ನು ನುಂಗಿಹಾಕುತ್ತದೆ. ಯಂತ್ರಗಳ ಮೇಲಿನ ನಕ್ಷತ್ರಗಳ ಗುರುತನ್ನೂ, ಅದರಲ್ಲಿ ಬರೆದಿರುವ ವರ್ಷವನ್ನೂ ಓದುವ ಅಭ್ಯಾಸವು ರಿಯಾಯಿತಿಯ ಫಲಕವನ್ನು ಓದುವ ಅಭ್ಯಾಸಕ್ಕಿಂತ ಹೆಚ್ಚು ಫಲವನ್ನು ಕೊಡುತ್ತದೆ.

ಇಷ್ಟರವರೆಗೆ ಮಾರುವವನ ಸತ್ಯದ ವಿಚಾರವಾಯಿತು. ಕೊಳ್ಳುವವನಿಗೂ ಸತ್ಯವೆಂಬುದೊಂದುಂಟು. ಬೀದಿಯ ಅಂಗಡಿಯವನ ಬಳಿ ಒಂದು ಗಂಟೆ ಕುಳಿತು, ನಾಲ್ಕು ಯಂತ್ರಗಳನ್ನು ತೆರೆಯಿಸಿ ನೋಡಿ, ಗುಣದೋಷಗಳನ್ನು ಕೇಳಿ ತಿಳಿದುಕೊಂಡು, 'ಮನೆಯಲ್ಲಿ ವಿಚಾರಿಸಿ ಬರುತ್ತೇನೆ' ಎಂದು ಎದ್ದು, ಹೊಸ್ತಿಲು ದಾಟುವ ಮೊದಲೇ ಮೊಬೈಲಿನಲ್ಲಿ ಬೇರೆ ಕಡೆಯಿಂದ ತರಿಸಲು ಹೇಳುವವರುಂಟು. ಬೆಲೆಯನ್ನು ಹೋಲಿಸಿ ನೋಡುವುದು ತಪ್ಪಲ್ಲ. ಆದರೆ ಕೊಳ್ಳುವ ಸಂಕಲ್ಪವೇ ಇಲ್ಲದೆ ಒಬ್ಬನ ವಿದ್ಯೆಯನ್ನೂ ಹೊತ್ತನ್ನೂ ಪಡೆದು ಅದರ ಫಲವನ್ನು ಇನ್ನೊಬ್ಬನಿಗೆ ಕೊಡುವುದು, ಕೂಲಿಯನ್ನು ಕೊಡದೆ ಕೆಲಸ ಮಾಡಿಸಿಕೊಂಡಂತೆಯೇ ಸರಿ. ನೇರವಾದ ಮಾರ್ಗವೆಂದರೆ, ಹೊರಗಿನ ಬೆಲೆಯನ್ನು ಅವನ ಮುಂದೆಯೇ ಹೇಳಿ, 'ಈ ಬೆಲೆಗೆ ನಿಮ್ಮಿಂದಾಗುವುದೆ?' ಎಂದು ಕೇಳುವುದು. ಆದರೆ ಅವನಿಂದಲೇ ಕೊಳ್ಳುವುದು, ಆಗದಿದ್ದರೆ ಸಂಕೋಚವಿಲ್ಲದೆ ಬೇರೆಡೆಗೆ ಹೋಗುವುದು.

ಇಲ್ಲಿ ಒಂದು ಆಕ್ಷೇಪವು ಬರಬಹುದು. ಅಗತ್ಯವಿಲ್ಲದುದನ್ನು ಕೊಳ್ಳಲೇಬಾರದೆಂದರೆ ಸಂಸಾರದಲ್ಲಿ ಸಂತೋಷಕ್ಕೆ ಎಡೆಯೆಲ್ಲಿ? ಇದಕ್ಕೆ ಸಮಾಧಾನವೇನೆಂದರೆ, ಕಾಮವೂ ಪುರುಷಾರ್ಥಗಳಲ್ಲೊಂದು. ಮನೆಮಂದಿಯೆಲ್ಲ ಕುಳಿತು ನೋಡಿ ನಲಿಯುವುದಕ್ಕಾಗಿ ದೊಡ್ಡ ಟೆಲಿವಿಷನನ್ನು ತರುವುದರಲ್ಲಿ ಅಧರ್ಮವೇನೂ ಇಲ್ಲ. ಆದರೆ ಅದನ್ನು ಸಂತೋಷಕ್ಕಾಗಿ ಮಾಡಿದ ವೆಚ್ಚವೆಂದೇ ಬರೆದಿಡಬೇಕು. ಅದನ್ನು ಉಳಿತಾಯವೆಂದು ಹೇಳಿಕೊಳ್ಳುವುದು ಆತ್ಮವಂಚನೆ. ಇತರರನ್ನು ವಂಚಿಸುವವನಿಗೆ ಎಂದಾದರೂ ಸಿಕ್ಕಿಬೀಳುವ ಭಯವಿರುತ್ತದೆ. ತನ್ನನ್ನೇ ವಂಚಿಸಿಕೊಳ್ಳುವವನಿಗೆ ಆ ಭಯವೂ ಇಲ್ಲದಿರುವುದರಿಂದ ಈ ದೋಷವು ವರ್ಷವರ್ಷಕ್ಕೂ ಬೆಳೆಯುತ್ತ ಹೋಗುತ್ತದೆ.

ಇಲ್ಲದುದನ್ನು ಪಡೆಯುವುದು ಯೋಗ, ಪಡೆದುದನ್ನು ಕಾಪಾಡುವುದು ಕ್ಷೇಮ ಎಂದು ಶಾಸ್ತ್ರಕಾರರು ಅರ್ಥವನ್ನು ಹೇಳುತ್ತಾರೆ. ರಿಯಾಯಿತಿ ಮಾರಾಟಗಳೆಲ್ಲವೂ ಯೋಗವನ್ನು ಮಾತ್ರ ಹೊಗಳುತ್ತವೆ. ಕ್ಷೇಮವನ್ನು ನೆನಪಿಸುವ ಫಲಕವು ಯಾವ ಅಂಗಡಿಯಲ್ಲಿಯೂ ತೂಗುವುದಿಲ್ಲ. ಫ್ರಿಜ್ಜಿನ ಬಾಗಿಲಿನ ಸಡಿಲವಾದ ರಬ್ಬರನ್ನು ಬದಲಾಯಿಸಿದರೆ, ಮಿಕ್ಸಿಯ ಸವೆದ ಬ್ಲೇಡನ್ನು ಹೊಸದು ಮಾಡಿಸಿದರೆ, ಅವು ಇನ್ನೂ ಕೆಲವು ವರ್ಷ ದುಡಿಯುತ್ತವೆ. ಹಾಗೆ ಮಾಡದೆ ಹೊರಗೆ ಹಾಕಿದ ಯಂತ್ರವು ಎಲ್ಲಿಯೂ ಮಾಯವಾಗುವುದಿಲ್ಲ. ತಕ್ಕ ವ್ಯವಸ್ಥೆಯಿಲ್ಲದ ಕಡೆ ಅದನ್ನು ಒಡೆದು ಸುಟ್ಟು ತಾಮ್ರವನ್ನು ತೆಗೆಯುವವನ ಶ್ವಾಸಕೋಶದಲ್ಲಿಯೂ, ಊರ ಹೊರಗಿನ ಮಣ್ಣಿನಲ್ಲಿಯೂ ಅದರ ಶೇಷವು ನಿಲ್ಲುತ್ತದೆ. ಅಗ್ಗದ ಬೆಲೆಯ ಒಂದು ಭಾಗವನ್ನು ಹೀಗೆ ಪರರು ತೆರುತ್ತಾರೆ.

ಆದುದರಿಂದ ರಿಯಾಯಿತಿಯ ದಿನಗಳಲ್ಲಿ ಅಂಗಡಿಗೆ ಹೋಗುವುದು ದೋಷವಲ್ಲ. ಪಟ್ಟಿಯನ್ನು ಮನೆಯಲ್ಲಿಯೇ ಬರೆದುಕೊಂಡು ಹೋಗದಿರುವುದು ದೋಷ. ಬೇಕೆಂಬುದು ಮೊದಲು ಹುಟ್ಟಿ ಬೆಲೆಯು ಅನಂತರ ಕಂಡರೆ ಅದು ಮಿತವ್ಯಯ; ಬೆಲೆಯನ್ನು ಕಂಡ ಮೇಲೆ ಬೇಕೆಂಬುದು ಹುಟ್ಟಿದರೆ ಅದು ಲೋಭ. ಇವೆರಡರಲ್ಲಿ ಯಾವುದೆಂಬುದನ್ನು ವರ್ತಕನು ಅರಿಯನು, ನೆರೆಯವರೂ ಅರಿಯರು. ಕೊಳ್ಳುವವನ ಮನಸ್ಸೊಂದೇ ಅರಿಯುವುದು. ಮುಂದಿನ ಮಹಾನವಮಿಯಂದು ಹತ್ತು ವರ್ಷ ದುಡಿದ ಹಳೆಯ ಗ್ರೈಂಡರಿಗೆ ಕುಂಕುಮವನ್ನಿಡುವ ಗೃಹಿಣಿಯು, ಅದರ ಸವೆದ ಬೆಲ್ಟನ್ನೂ ಅಂದೇ ನೋಡಿ, ಮರುದಿನ ಬದಲಾಯಿಸಿದರೆ, ಆಯುಧಪೂಜೆಯು ಸಾಂಗವಾಯಿತೆಂದು ತಿಳಿಯಬಹುದು.