ಜಟೆ ಮತ್ತು ಸ್ವೇಚ್ಛೆ

ಜಟಾಧಾರಿ ಶಿವನಿಗೆ ಕೈಮುಗಿಯುವ ನಾವು, ಅಂಜುನಾ, ಆರಂಬೋಲ್ ಕಡಲತೀರಗಳಲ್ಲಿ ನೀಳ ಜಟೆ ಬಿಟ್ಟ ತರುಣರನ್ನು ಕಂಡೊಡನೆ ಮೂಗು ಮುರಿಯುತ್ತೇವೆ. ಆದರೆ ಜಟೆ ಕೇವಲ ಅಲಕ್ಷ್ಯದ ಫಲವಲ್ಲ. ಉದುರಿದ ಕೂದಲು ಬೆಳೆಯುವ ಕೂದಲೊಡನೆ ಹೆಣೆದುಕೊಂಡು ಜಟೆಯಾಗುತ್ತದೆ. ಅದರ ಬುಡವನ್ನು ಆಗಾಗ ಹೊಸೆಯಬೇಕು. ತೊಳೆದ ಮೇಲೆ ಒಳಗಿನವರೆಗೂ ಒಣಗಿಸಬೇಕು, ಇಲ್ಲವಾದರೆ ದುರ್ವಾಸನೆ ಹಿಡಿಯುತ್ತದೆ. ಅದಕ್ಕೂ ಒಂದು ಶಿಸ್ತುಂಟು.

ಗೋವೆಗೆ ದುಡಿಯಲು ಬಂದ ಉತ್ತರ ಕರ್ನಾಟಕದವರಲ್ಲಿ ಸವದತ್ತಿ ಎಲ್ಲಮ್ಮನ ಒಕ್ಕಲಿನವರು ಅನೇಕರು. ಅವರ ಪರಂಪರೆಯಲ್ಲಿ ಜಟೆಗೆ ಬೇರೆಯೇ ಅರ್ಥ. ಕೂದಲು ಗಂಟುಕಟ್ಟಿದರೆ ಅದು ದೇವಿಯ ಕರೆಯೆಂದು ನಂಬಿ, ಕತ್ತರಿಸಲು ಅಂಜಿ, ಎಷ್ಟೋ ಹೆಣ್ಣುಮಕ್ಕಳನ್ನು ದೇವಿಗೆ ಬಿಟ್ಟರು. ಗಂಡಸರು ಜೋಗಪ್ಪಂದಿರಾದದ್ದೂ ಉಂಟು. ದೇವದಾಸಿಯರ ಅರ್ಪಣೆಯನ್ನು ಕರ್ನಾಟಕವು 1982ರ ಅಧಿನಿಯಮದಿಂದ ನಿಷೇಧಿಸಿತು. ಆದರೆ ಮನದೊಳಗಿನ ಭಯ ಕಾನೂನಿನ ಕತ್ತರಿಗೆ ಸುಲಭವಾಗಿ ಸಿಕ್ಕುವಂಥದಲ್ಲ.

ನೋಟಕ್ಕೆ ಎರಡೂ ಜಟೆಗಳು ಒಂದೇ. ಒಂದನ್ನು ಇಚ್ಛೆ ಬೆಳೆಸಿತು, ಇನ್ನೊಂದನ್ನು ಅಂಜಿಕೆ ಉಳಿಸಿತು. ಸಂಗಡಿಗರ ಮೆಚ್ಚುಗೆ ತಪ್ಪೀತೆಂದು ಕತ್ತರಿ ಮುಟ್ಟದ ತರುಣನೂ ಬದ್ಧನೇ. ಭಕ್ತಿಯಿಂದ, ನಿರ್ಭಯವಾಗಿ ಧರಿಸಿದ ಜೋಗಪ್ಪನೂ ಸ್ವತಂತ್ರನೇ. ಆದುದರಿಂದ ವೇಷವನ್ನು ಹಳಿಯುವ ಮುನ್ನ ಹಿರಿಯರು ಕೇಳಬೇಕಾದ ಪ್ರಶ್ನೆ ಒಂದೇ: ಬೇಡವೆನಿಸಿದ ದಿನ ಅಂಜದೆ ಅದನ್ನು ಇಳಿಸಬಲ್ಲೆಯಾ, ಮಗು?