ಪೋಷಿಸಿದವರೂ ತಾಯ್ತಂದೆಗಳೇ



ದೇವಕಿಯು ಹೆತ್ತ ಶ್ರೀಕೃಷ್ಣನನ್ನು ಸಾಕಿ ಸಲಹಿದ ಯಶೋದೆಯನ್ನೂ ನಾವು ತಾಯಿಯೆಂದೇ ಕೊಂಡಾಡುತ್ತೇವೆ. ಹೆರದೆಯೂ ತಾಯ್ತನವುಂಟೆಂಬುದಕ್ಕೆ ಬೇರೆ ಪ್ರಮಾಣ ಬೇಕೆ?

ಸಲಿಂಗ ದಂಪತಿಗಳ ವಿವಾಹವನ್ನು 2023ರ ಅಕ್ಟೋಬರ್ 17ರಂದು ಸರ್ವೋಚ್ಚ ನ್ಯಾಯಾಲಯವು ಮಾನ್ಯಮಾಡಲಿಲ್ಲ. ಅವರು ಜೊತೆಯಾಗಿ ದತ್ತು ಸ್ವೀಕರಿಸುವುದನ್ನೂ ಐವರು ನ್ಯಾಯಮೂರ್ತಿಗಳಲ್ಲಿ ಮೂವರು ಒಪ್ಪಲಿಲ್ಲ. ಆದರೆ ಒಬ್ಬರೇ ದತ್ತು ಪಡೆಯಲು 2015ರ ಬಾಲನ್ಯಾಯ ಕಾಯಿದೆಯಲ್ಲಿ ಅವಕಾಶವುಂಟು. ಹೀಗಾಗಿ ಇಬ್ಬರು ಸಾಕಿದ ಮಗುವಿಗೆ ಕಾನೂನಿನಂತೆ ಪೋಷಕರು ಒಬ್ಬರೇ. ಅವರು ಕಾಲವಾದರೆ, ಎತ್ತಿ ಆಡಿಸಿದ ಇನ್ನೊಬ್ಬರು ಆ ಮಗುವಿಗೆ ಪರಕೀಯರು!

ವಿವಾಹಸಂಸ್ಕಾರದ ವಿಧಿನಿಷೇಧಗಳನ್ನು ಪಂಡಿತರು ವಿಚಾರಿಸಲಿ. ಮಗುವಿನ ರಕ್ಷಣೆಯಾದರೋ ಅಲ್ಲಿಯವರೆಗೆ ಕಾಯಲಾರದು. ಅಂತಹ ಮಗುವು ದೇವರ ಸನ್ನಿಧಿಗೆ ಬಂದಾಗ, ‘ಯಾರ ಮಗು?’ ಎಂದು ಕೆದಕದೆ ತೀರ್ಥಪ್ರಸಾದ ನೀಡೋಣ. ಇಬ್ಬರೂ ಪೋಷಕರೆನಿಸುವ ಕಾನೂನು ಬರಲೆಂದು ಪ್ರಾರ್ಥಿಸೋಣ.

ಶ್ರೀಕೃಷ್ಣಾರ್ಪಣಮಸ್ತು.